ಕೊಟ್ಟಷ್ಟು ಸೆಳೆಯದ ಐಸಿ

ಹೊಲದ ಮೋಟರಿಗೆ ತ್ರೀ ಫೇಸ್ ಕರೆಂಟು ಸಿಗುವುದು ಸರ್ಕಾರದ ಲೆಕ್ಕದಲ್ಲಿ ದಿನಕ್ಕೆ ಏಳು ತಾಸು. ಆ ಏಳು ತಾಸು ಯಾವುದು ಎಂಬುದು ಫೀಡರಿನ ಸರದಿಯ ಮೇಲೆ ಹೋಗುತ್ತದೆ; ಒಂದಿಷ್ಟು ಹಗಲು, ಒಂದಿಷ್ಟು ರಾತ್ರಿ. ನಡುರಾತ್ರಿ ಎದ್ದು ಹೊಲಕ್ಕೆ ಹೋಗಿ ಸ್ಟಾರ್ಟರ್ ಒತ್ತುವ ಕಷ್ಟ ತಪ್ಪಲಿ ಎಂದೇ ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ರೈತರು ಆಟೊ ಸ್ಟಾರ್ಟರ್ ಕೂಡಿಸಿಕೊಂಡರು. ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಚಾಲೂ ಆಗಬೇಕು, ಟ್ಯಾಂಕ್ ಅಥವಾ ಕೃಷಿಹೊಂಡ ತುಂಬಿದ ಕೂಡಲೇ ತಾನೇ ಬಂದ್ ಆಗಬೇಕು, ಬೋರಿನಲ್ಲಿ ನೀರು ಇಳಿದರೂ ಬಂದ್ ಆಗಬೇಕು. ತಗಡಿನ ಡಬ್ಬಿಯೊಳಗೆ ಕಾಂಟ್ಯಾಕ್ಟರ್, ಅದರ ಪಕ್ಕಕ್ಕೊಂದು ಸಣ್ಣ ಬೋರ್ಡು, ಬೋರ್ಡಿನ ಮೇಲೆ ಎಂಟು ಕಾಲಿನ ಒಂದು ಐಸಿ, ಒಂದು ರಿಲೇ. ಕೆಲವರು ಇದನ್ನು ಸಿದ್ಧವಾಗಿಯೇ ಕೊಳ್ಳುತ್ತಾರೆ. ಇನ್ನು ಕೆಲವರಿಗೆ ಊರಿನ ರಿಪೇರಿಯವರೋ ಡಿಪ್ಲೊಮಾ ಓದುವ ಮನೆಯ ಹುಡುಗರೋ ಕಟ್ಟಿಕೊಡುತ್ತಾರೆ.

ಹೀಗೆ ಕೈಯಿಂದ ಕಟ್ಟಿದ ಬೋರ್ಡುಗಳ ಬಗ್ಗೆ ಬರುವ ದೂರು ಹೆಚ್ಚುಕಡಿಮೆ ಎರಡೇ ಥರದವು. ‘ರಿಲೇ ಬರೇ ಟಕಟಕ ಅಂತದ, ಹಿಡಿಯಂಗಿಲ್ಲ’ ಎಂಬುದು ಒಂದು. ‘ಟ್ಯಾಂಕ್ ತುಂಬಿದ್ರೂ ಮೋಟರ್ ಬಂದ್ ಆಗವಲ್ದು’ ಎಂಬುದು ಇನ್ನೊಂದು. ಆಗ ಮೊದಲು ಬೈಸಿಕೊಳ್ಳುವುದು ನೀರಿನಲ್ಲಿ ಇಳಿಬಿಟ್ಟ ಸೆನ್ಸರ್ ತಂತಿ. ಆಮೇಲೆ ‘ಐಸಿ ಡೂಪ್ಲಿಕೇಟ್ ಬಂದದ’ ಎಂಬ ತೀರ್ಮಾನ. ಐಸಿ ಬದಲಾಯಿಸುತ್ತಾರೆ, ಹೊಸದೂ ಅದೇ ಆಟ ಆಡುತ್ತದೆ. ಏಕೆಂದರೆ ಅನೇಕ ಸಲ ಐಸಿ ಕೆಟ್ಟಿರುವುದೇ ಇಲ್ಲ. ಅದು ಮಾಡಲಾರದ ಒಂದು ಕೆಲಸವನ್ನು ನಾವು ಅದರ ತಲೆಗೆ ಕಟ್ಟಿರುತ್ತೇವೆ. ಆ ಕೆಲಸ ಯಾವುದು, ಯಾಕೆ ಅದರ ಕೈಲಾಗದು ಎಂಬುದನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಆ ಐಸಿ ಆಪರೇಷನಲ್ ಆಂಪ್ಲಿಫೈಯರ್. ಎಲ್ಲರ ಬಾಯಲ್ಲಿ ಆಪ್-ಆಂಪ್. ಎರಡು ಇನ್‌ಪುಟ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ಎಷ್ಟೇ ಸಣ್ಣದಿದ್ದರೂ ಅದನ್ನು ಲಕ್ಷಪಟ್ಟು ಹಿಗ್ಗಿಸಿ ಔಟ್‌ಪುಟ್‌ನಲ್ಲಿ ತೋರಿಸುವುದು ಅದರ ಕಸುಬು. ಈ ಹೆಸರು ಮುದ್ರಣದಲ್ಲಿ ಬಂದದ್ದು 1947ರಲ್ಲಿ, ಅಮೆರಿಕದ ಜಾನ್ ರಗಾಝಿನಿ ಮತ್ತು ಸಂಗಡಿಗರ ಪ್ರಬಂಧದಲ್ಲಿ. ಆಗಿನ ಆಪ್-ಆಂಪ್‌ಗಳು ರೇಡಿಯೊ ವಾಲ್ವುಗಳಿಂದ ಕಟ್ಟಿದವು. 1965ರಲ್ಲಿ ಫೇರ್‌ಚೈಲ್ಡ್ ಕಂಪನಿಗಾಗಿ ಬಾಬ್ ವಿಡ್ಲರ್ 709 ಎಂಬ ಐಸಿ ಮಾಡಿದರು. ಅದರ ಔಟ್‌ಪುಟ್ ಶಾರ್ಟ್ ಆದರೆ ಕಾಪಾಡುವ ಏರ್ಪಾಡು ಇರಲಿಲ್ಲ, ಐಸಿ ಸುಟ್ಟೇ ಹೋಗುತ್ತಿತ್ತು. 1968ರಲ್ಲಿ ಅದೇ ಕಂಪನಿಯ ಡೇವ್ ಫುಲಾಗರ್ ರೂಪಿಸಿದ 741 ಆ ಕೊರತೆ ನೀಗಿತು. ಶಾರ್ಟ್ ಆದರೂ ಸುಮಾರು 25 ಮಿಲಿ ಆಂಪಿಯರ್‌ಗೆ ತನ್ನನ್ನು ತಾನು ತಡೆದುಕೊಳ್ಳುತ್ತದೆ. ಇವತ್ತಿಗೂ ನಮ್ಮ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಲ್ಯಾಬುಗಳಲ್ಲಿ ಹುಡುಗರ ಕೈಗೆ ಮೊದಲು ಬರುವುದು ಈ 741. ಆದರೆ ಹೊಲದ ಬೋರ್ಡುಗಳನ್ನು ಆಳುತ್ತಿರುವುದು 1972ರ ಹೊತ್ತಿಗೆ ನ್ಯಾಷನಲ್ ಸೆಮಿಕಂಡಕ್ಟರ್‌ನವರು ಹೊರತಂದ ಎಲ್‌ಎಂ324 ಮತ್ತು ಅದರ ತಮ್ಮ ಎಲ್‌ಎಂ358. ಮೊದಲನೆಯದರಲ್ಲಿ ನಾಲ್ಕು ಆಪ್-ಆಂಪ್, ಎರಡನೆಯದರಲ್ಲಿ ಎರಡು. ಒಳಗಿನ ರಚನೆ ಒಂದೇ. ರೊನಾಲ್ಡ್ ರಸೆಲ್ ಮತ್ತು ಥಾಮಸ್ ಫ್ರೆಡರಿಕ್ಸನ್ ಇದನ್ನು ವಾಹನಗಳಿಗೆ, ಕಾರ್ಖಾನೆಗಳಿಗೆ ಎಂದೇ ರೂಪಿಸಿದರು. ಪ್ಲಸ್ಸು-ಮೈನಸ್ಸು ಎಂದು ಎರಡು ಸಪ್ಲೈ ಬೇಡ, ಒಂದೇ ಬ್ಯಾಟರಿ ಸಾಕು. 3 ವೋಲ್ಟಿನಿಂದ 32 ವೋಲ್ಟಿನವರೆಗೆ ಏನು ಕೊಟ್ಟರೂ ನಡೆಯುತ್ತದೆ. ಅಗ್ಗ, ಗಟ್ಟಿ, ಹುಬ್ಬಳ್ಳಿಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ.

ಆಪ್-ಆಂಪ್‌ನ ಔಟ್‌ಪುಟ್ ಎರಡು ರೀತಿ ದುಡಿಯಬೇಕು. ಒಮ್ಮೆ ಅದು ಸಪ್ಲೈಯಿಂದ ಕರೆಂಟನ್ನು ತಂದು ಹೊರಗಿನ ಹೊರೆಗೆ ಕೊಡುತ್ತದೆ, ಇದು ಸೋರ್ಸ್. ಇನ್ನೊಮ್ಮೆ ಹೊರಗಿನಿಂದ ಬರುವ ಕರೆಂಟನ್ನು ತನ್ನೊಳಗೆ ಸೆಳೆದುಕೊಂಡು ಗ್ರೌಂಡಿಗೆ ಇಳಿಸುತ್ತದೆ, ಇದು ಸಿಂಕ್. ಪಠ್ಯಪುಸ್ತಕದ ತ್ರಿಕೋನ ಚಿತ್ರ ನೋಡಿದವರಿಗೆ ಎರಡೂ ಒಂದೇ ತೂಕದವು ಅನಿಸುತ್ತದೆ. ವಾಸ್ತವದಲ್ಲಿ ಎರಡಕ್ಕೂ ಬೇರೆ ಬೇರೆ ಟ್ರಾನ್ಸಿಸ್ಟರುಗಳಿವೆ, ಬೇರೆ ಬೇರೆ ಮಿತಿಗಳಿವೆ.

ನವಲಗುಂದದ ಎರೆಹೊಲದವರಿಗೆ ಇದನ್ನು ಹೇಳುವುದು ಸುಲಭ. ಮಲಪ್ರಭೆಯ ಕಾಲುವೆಯಲ್ಲಿ ನೀರು ಬಂತೆಂದರೆ ಹೊಲಕ್ಕೆ ಹಾಯಿಸುವುದು ಕಷ್ಟದ ಕೆಲಸವಲ್ಲ. ಹಾಯಿಸಿದ್ದು ಬಸಿದು ಹೋಗುವುದೇ ಕಷ್ಟ. ಎರೆಮಣ್ಣು ನೀರನ್ನು ಹಿಡಿದರೆ ಬಿಡುವುದಿಲ್ಲ. ಬಸಿಗಾಲುವೆ ಇಲ್ಲದ ಕಡೆ ಅಚ್ಚುಕಟ್ಟಿನ ಭೂಮಿ ಸವಳು-ಜವಳಾದದ್ದನ್ನು ಈ ಭಾಗ ಕಣ್ಣಾರೆ ಕಂಡಿದೆ. ಬಸಿಗಾಲುವೆ ಇದ್ದರೂ ಅದು ಸೇರುವ ಹಳ್ಳದ ಮಟ್ಟ ಮತ್ತು ಹೊಲದ ಮಟ್ಟದ ನಡುವೆ ಇಳಿಜಾರು ಬೇಕು. ಹೊಲದ ನೀರು ಹಳ್ಳದ ಮಟ್ಟಕ್ಕೆ ಹತ್ತಿರ ಬಂದಷ್ಟೂ ಹರಿವು ಕುಗ್ಗುತ್ತದೆ, ಕೊನೆಯ ಒಂದು ಗೇಣು ನೀರು ನಿಂತೇ ಇರುತ್ತದೆ. ಎಲ್‌ಎಂ358ನ ಔಟ್‌ಪುಟ್ ಕೂಡ ಗ್ರೌಂಡಿನ ಹತ್ತಿರ ಬಂದಾಗ ಹೀಗೇ ನಿಂತುಬಿಡುತ್ತದೆ, ಮತ್ತು ಅದಕ್ಕೂ ಕಾರಣ ಇಳಿಜಾರು ಸಾಲದಿರುವುದೇ.

ಒಳಗೆ ಏನಾಗುತ್ತದೆ ನೋಡೋಣ. ಕರೆಂಟ್ ಹೊರಗೆ ಕೊಡುವ ಕಡೆ ಒಂದರ ಬೆನ್ನಿಗೆ ಒಂದರಂತೆ ಎರಡು ಎನ್‌ಪಿಎನ್ ಟ್ರಾನ್ಸಿಸ್ಟರುಗಳು ಜೋಡಿಯಾಗಿ ನಿಂತಿವೆ, ಬಲವಾದ ಜೋಡಿ. ಹೆಚ್ಚು ಕರೆಂಟ್ ಹೋದರೆ ಒಂದು ಸಣ್ಣ ರೆಸಿಸ್ಟರ್ ಅದನ್ನು ಅಳೆದು, ಇನ್ನೊಂದು ಟ್ರಾನ್ಸಿಸ್ಟರ್ ಮೂಲಕ ತಡೆ ಹಾಕುತ್ತದೆ. ಸೆಳೆಯುವ ಕಡೆ ಇರುವುದು ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್. ಆ ಕಾಲದ ಐಸಿ ತಯಾರಿಕೆಯಲ್ಲಿ ಒಳ್ಳೆಯ ಎನ್‌ಪಿಎನ್ ಮಾಡುವುದು ಸಲೀಸಾಗಿತ್ತು, ಒಳ್ಳೆಯ ಪಿಎನ್‌ಪಿ ಮಾಡುವುದು ಆಗಿರಲಿಲ್ಲ. ಹಾಗಾಗಿ ಐಸಿಯ ತಳದ ಸಿಲಿಕಾನನ್ನೇ ಕಲೆಕ್ಟರ್ ಮಾಡಿಕೊಂಡು ಒಂದು ಪಿಎನ್‌ಪಿ ಹೊಂದಿಸಿದರು. ಅದರ ಎಮಿಟರ್ ಔಟ್‌ಪುಟ್‌ಗೆ, ಕಲೆಕ್ಟರ್ ಗ್ರೌಂಡಿಗೆ. ಈ ಟ್ರಾನ್ಸಿಸ್ಟರ್ ಕೆಲಸ ಮಾಡಬೇಕಾದರೆ ಅದರ ಎಮಿಟರ್ ತನ್ನ ಬೇಸ್‌ಗಿಂತ ಸುಮಾರು 0.6 ವೋಲ್ಟ್ ಮೇಲಿರಬೇಕು. ಬೇಸನ್ನು ಎಷ್ಟೇ ತಳಕ್ಕೆ ಎಳೆದರೂ ಗ್ರೌಂಡಿಗಿಂತ ಕೆಳಗೆ ಎಳೆಯಲಾಗದು. ಅಂದಮೇಲೆ ಔಟ್‌ಪುಟ್ 0.6–0.7 ವೋಲ್ಟಿಗೆ ಇಳಿದ ಕೂಡಲೇ ಈ ಟ್ರಾನ್ಸಿಸ್ಟರ್ ಕೈಬಿಡುತ್ತದೆ. ಅಲ್ಲಿಂದ ಸೊನ್ನೆಯವರೆಗಿನ ಹಾದಿಯನ್ನು ನೋಡಿಕೊಳ್ಳಲು ವಿನ್ಯಾಸಕಾರರು ಪಕ್ಕದಲ್ಲೇ ಒಂದು ಪುಟ್ಟ ಕರೆಂಟ್ ಸೆಳೆತವನ್ನು ಇಟ್ಟಿದ್ದಾರೆ. ಅದರ ಶಕ್ತಿ ಸುಮಾರು 50 ಮೈಕ್ರೊ ಆಂಪಿಯರ್, ಅಂದರೆ ಒಂದು ಮಿಲಿ ಆಂಪಿಯರ್‌ನ ಇಪ್ಪತ್ತನೇ ಒಂದು ಪಾಲು.

ಐಸಿಯ ಗುಣ-ಮಿತಿಗಳನ್ನು ತಯಾರಕರು ಪಟ್ಟಿ ಮಾಡಿಕೊಡುವ ಡೇಟಾಶೀಟ್ ಇದನ್ನು ಮುಚ್ಚಿಟ್ಟಿಲ್ಲ. ಸೋರ್ಸ್ ಕರೆಂಟ್ ಸಾಮಾನ್ಯವಾಗಿ 40 ಮಿಲಿ ಆಂಪಿಯರ್, ಕನಿಷ್ಠ ಖಾತರಿ 20. ಸಿಂಕ್ ಕರೆಂಟ್, ಔಟ್‌ಪುಟ್ 2 ವೋಲ್ಟಿನಲ್ಲಿದ್ದಾಗ ಸಾಮಾನ್ಯವಾಗಿ 20 ಮಿಲಿ ಆಂಪಿಯರ್, ಕನಿಷ್ಠ 10. ಅದರ ಕೆಳಗೇ ಇನ್ನೊಂದು ಸಾಲು: ಔಟ್‌ಪುಟ್ 0.2 ವೋಲ್ಟಿನಲ್ಲಿದ್ದಾಗ ಸಿಂಕ್ ಸಾಮಾನ್ಯವಾಗಿ 50 ಮೈಕ್ರೊ ಆಂಪಿಯರ್, ಕನಿಷ್ಠ 12. ಕಣ್ಣು ಹಾಯಿಸಿ ಮುಂದೆ ಹೋಗುವವರಿಗೆ ‘ಮಿಲಿ’ ಹೋಗಿ ‘ಮೈಕ್ರೊ’ ಬಂದದ್ದು ಕಾಣುವುದೇ ಇಲ್ಲ. ಒಂದೇ ಪಿನ್ನು, ಒಂದೇ ದಿಕ್ಕಿನ ಕರೆಂಟು; 2 ವೋಲ್ಟಿನಿಂದ 0.2 ವೋಲ್ಟಿಗೆ ಬರುವಷ್ಟರಲ್ಲಿ ಶಕ್ತಿ ನಾನೂರು ಪಟ್ಟು ಕುಸಿದಿದೆ. ನನ್ನ ಮಟ್ಟಿಗೆ ಇಡೀ ಡೇಟಾಶೀಟ್‌ನಲ್ಲಿ ಇದಕ್ಕಿಂತ ಮುಖ್ಯವಾದ ಸಾಲಿಲ್ಲ.

ನಂಬಿಕೆ ಬಾರದವರು ಬ್ರೆಡ್‌ಬೋರ್ಡಿನ ಮೇಲೆ ನೋಡಬಹುದು. ಮೊಬೈಲ್ ಚಾರ್ಜರಿನ 5 ವೋಲ್ಟ್ ಸಾಕು. ಎಲ್‌ಎಂ358ನ ಮೈನಸ್ ಇನ್‌ಪುಟ್‌ಗೆ 1 ವೋಲ್ಟಿನಷ್ಟು ಕೊಟ್ಟು, ಪ್ಲಸ್ ಇನ್‌ಪುಟ್ ಅನ್ನು ಗ್ರೌಂಡಿಗೆ ಕಟ್ಟಿ. ಔಟ್‌ಪುಟ್ ಸೊನ್ನೆಗೆ ಇಳಿಯಬೇಕು. ಈಗ ಔಟ್‌ಪುಟ್‌ನಿಂದ 5 ವೋಲ್ಟಿಗೆ ಒಂದು ರೆಸಿಸ್ಟರ್ ಹಾಕಿ ಮಲ್ಟಿಮೀಟರ್ ಹಿಡಿಯಿರಿ. 1 ಮೆಗಾ ಓಮ್ ಹಾಕಿದರೆ ಬರುವುದು 5 ಮೈಕ್ರೊ ಆಂಪಿಯರ್ ಮಾತ್ರ. ಔಟ್‌ಪುಟ್ ಸೊನ್ನೆಯ ಹತ್ತಿರವೇ ಕೂತಿರುತ್ತದೆ. 100 ಕಿಲೊ ಓಮ್ ಹಾಕಿದರೆ ಸುಮಾರು 50 ಮೈಕ್ರೊ ಆಂಪಿಯರ್, ಸರಿಯಾಗಿ ಗಡಿಯ ಮೇಲೆ. ಒಂದು ಐಸಿ ತಳದಲ್ಲಿ ನಿಲ್ಲುತ್ತದೆ, ಇನ್ನೊಂದು ಮೇಲೇಳುತ್ತದೆ. 10 ಕಿಲೊ ಓಮ್ ಹಾಕಿದಿರೋ, ಔಟ್‌ಪುಟ್ 0.6–0.7 ವೋಲ್ಟಿಗೆ ಎದ್ದು ನಿಂತಿರುತ್ತದೆ. ಐಸಿ ಎಷ್ಟು ಬದಲಾಯಿಸಿದರೂ ಅದು ಅಲ್ಲಿಂದ ಕೆಳಗಿಳಿಯದು. ಒಂದು ಐಸಿ, ಕೆಲವು ರೆಸಿಸ್ಟರು, ಅರ್ಧ ತಾಸು. ಇಷ್ಟರಲ್ಲಿ ಮುಗಿಯುವ ಈ ಪ್ರಯೋಗ ನಮ್ಮ ಲ್ಯಾಬುಗಳಲ್ಲಿ ಕಡ್ಡಾಯ ಆಗಬೇಕು.

ಈಗ ಹೊಲದ ಡಬ್ಬಿಗೆ ಬರೋಣ. ಬೋರ್ಡುಗಳಲ್ಲಿ ಸಾಮಾನ್ಯವಾಗಿ ಕಾಣುವ ಸಣ್ಣ ನೀಲಿ ರಿಲೇಯ 12 ವೋಲ್ಟ್ ಕಾಯಿಲಿನ ರೆಸಿಸ್ಟೆನ್ಸ್ ಸುಮಾರು 400 ಓಮ್. ಅದಕ್ಕೆ ಬೇಕಾದ ಕರೆಂಟ್ 30 ಮಿಲಿ ಆಂಪಿಯರ್. ಅದು ಖಚಿತವಾಗಿ ಹಿಡಿಯಬೇಕಾದರೆ ಕಾಯಿಲಿಗೆ ಮುಕ್ಕಾಲು ಪಾಲು, ಅಂದರೆ 9 ವೋಲ್ಟಾದರೂ ಸಿಗಬೇಕು. ಒಬ್ಬ ಹುಡುಗ ರಿಲೇಯ ಒಂದು ತುದಿಯನ್ನು 12 ವೋಲ್ಟಿಗೆ, ಇನ್ನೊಂದನ್ನು ನೇರವಾಗಿ ಎಲ್‌ಎಂ358ನ ಔಟ್‌ಪುಟ್‌ಗೆ ಕೊಟ್ಟ ಎನ್ನಿ. ಔಟ್‌ಪುಟ್ ಕೆಳಗಿಳಿದಾಗ ಐಸಿ ಆ ಕರೆಂಟನ್ನು ಸೆಳೆಯಬೇಕು. ಸಾಮಾನ್ಯ ಐಸಿ 20 ಮಿಲಿ ಆಂಪಿಯರ್ ಸೆಳೆದೀತು; 400 ಓಮ್ ಕಾಯಿಲಿಗೆ ಆಗ ಸಿಗುವುದು 8 ವೋಲ್ಟ್. ಹಿಡಿಯಲೋ ಬೇಡವೋ ಎನ್ನುವ ಸ್ಥಿತಿ. ರಿಲೇ ಟಕಟಕ ಅನ್ನುವುದು ಇಲ್ಲೇ. ಖಾತರಿಯ 10 ಮಿಲಿ ಆಂಪಿಯರ್ ಮಾತ್ರ ಸೆಳೆಯುವ ಐಸಿ ಸಿಕ್ಕರೆ ಕಾಯಿಲಿಗೆ 4 ವೋಲ್ಟ್. ರಿಲೇ ಅಲ್ಲಾಡುವುದೂ ಇಲ್ಲ. ಅಂಗಡಿಯ ಟೇಬಲ್ ಮೇಲೆ ಒಂದು ಐಸಿಯಲ್ಲಿ ಹೇಗೋ ನಡೆದು, ಹೊಲದಲ್ಲಿ ಇನ್ನೊಂದರಲ್ಲಿ ನಡೆಯದಿರುವ ಗುಟ್ಟು ಇದು. ಐಸಿ ನಕಲಿ ಆಗಬೇಕಿಲ್ಲ. ಎರಡೂ ಡೇಟಾಶೀಟ್‌ನ ಮಾತು ಉಳಿಸಿಕೊಂಡಿವೆ.

ಇದರ ಪರಿಹಾರ ಬಹಳ ಜನಕ್ಕೆ ಗೊತ್ತಿದೆ: ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್. ಐಸಿಯ ಔಟ್‌ಪುಟ್‌ನಿಂದ 4.7 ಕಿಲೊ ಓಮ್ ಮೂಲಕ ಅದರ ಬೇಸ್‌ಗೆ, ರಿಲೇ ಕಲೆಕ್ಟರ್‌ಗೆ, ರಿಲೇಯ ಮೇಲೆ ತಿರುಗಿಸಿ ಹಾಕಿದ ಒಂದು 1ಎನ್4007 ಡಯೋಡ್. ಔಟ್‌ಪುಟ್ ಮೇಲೆ ಹೋದಾಗ 12 ವೋಲ್ಟಿನಲ್ಲಿ ಸುಮಾರು ಒಂದೂವರೆ ಕಡಿಮೆಯಾಗಿ 10.5 ವೋಲ್ಟ್ ಸಿಗುತ್ತದೆ. ಬೇಸ್‌ಗೆ 2 ಮಿಲಿ ಆಂಪಿಯರ್. ಐಸಿಗೆ ಇದು ಏನೂ ಅಲ್ಲ, ಕೊಡುವುದರಲ್ಲಿ ಅದು ಗಟ್ಟಿ. ರಿಲೇಯ 30 ಮಿಲಿ ಆಂಪಿಯರ್ ಹೊರುವುದು ಟ್ರಾನ್ಸಿಸ್ಟರಿನ ಪಾಲಿನ ಕೆಲಸ.

ಇಷ್ಟಾದ ಮೇಲೂ ಎರಡನೇ ದೂರು ಉಳಿಯುತ್ತದೆ: ಟ್ಯಾಂಕ್ ತುಂಬಿದರೂ ಮೋಟರ್ ಬಂದ್ ಆಗದು. ಇದರ ಕಾರಣ ಪತ್ತೆ ಮಾಡುವುದು ಕಷ್ಟ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಬೋರ್ಡು ಕಟ್ಟಿದವರು ರೈತನಿಗೆ ಅನುಕೂಲವಾಗಲಿ ಎಂದು ‘ಟ್ಯಾಂಕ್ ಫುಲ್’ ತೋರಿಸುವ ಒಂದು ಕೆಂಪು ಎಲ್‌ಇಡಿ ಸೇರಿಸುತ್ತಾರೆ. ಟ್ಯಾಂಕ್ ತುಂಬಿದಾಗ ರಿಲೇ ಬಿಡಲೆಂದು ಔಟ್‌ಪುಟ್ ಕೆಳಗೆ ಹೋಗುತ್ತದಲ್ಲ, ಹಾಗಾಗಿ ಎಲ್‌ಇಡಿಯನ್ನು 12 ವೋಲ್ಟಿನಿಂದ 1 ಕಿಲೊ ಓಮ್ ಮೂಲಕ ಅದೇ ಔಟ್‌ಪುಟ್‌ಗೆ ಕಟ್ಟುತ್ತಾರೆ. ಎಲ್‌ಇಡಿ ಚೆನ್ನಾಗಿ ಹತ್ತುತ್ತದೆ. ಆದರೆ ಈಗ ಐಸಿ 9–10 ಮಿಲಿ ಆಂಪಿಯರ್ ಸೆಳೆಯಬೇಕಾಗಿದೆ. 50 ಮೈಕ್ರೊ ಆಂಪಿಯರ್‌ನ ಪುಟ್ಟ ಸೆಳೆತದಿಂದ ಅದು ಸಾಧ್ಯವಿಲ್ಲ. ಪಿಎನ್‌ಪಿ ಎದ್ದು ಕೆಲಸಕ್ಕೆ ನಿಲ್ಲುತ್ತದೆ, ಔಟ್‌ಪುಟ್ ಸೊನ್ನೆ ಬಿಟ್ಟು 0.8 ವೋಲ್ಟಿನ ಆಸುಪಾಸಿಗೆ ಏರುತ್ತದೆ.

0.8 ವೋಲ್ಟ್ ಅಂದರೆ ಬಿಸಿ547ನ ಬೇಸನ್ನು ಅರೆಬರೆ ಎಬ್ಬಿಸಲು ಸಾಕಷ್ಟಾಯಿತು. 4.7 ಕಿಲೊ ಓಮ್ ಮೂಲಕ 40 ಮೈಕ್ರೊ ಆಂಪಿಯರ್ ಬೇಸ್‌ಗೆ ಹೋದರೂ, ಇನ್ನೂರರ ಗೇನ್ ಇರುವ ಟ್ರಾನ್ಸಿಸ್ಟರ್ 8 ಮಿಲಿ ಆಂಪಿಯರ್ ಹರಿಸುತ್ತದೆ. ರಿಲೇ ಹೊಸದಾಗಿ ಹಿಡಿಯಲು ಇದು ಸಾಲದು, ನಿಜ. ಆದರೆ ಒಮ್ಮೆ ಹಿಡಿದ ರಿಲೇಯ ನಿಯಮ ಬೇರೆ. ಅದು ಖಂಡಿತ ಬಿಡಬೇಕಾದರೆ ಕಾಯಿಲಿನ ವೋಲ್ಟೇಜ್ ಹತ್ತರಲ್ಲಿ ಒಂದು ಪಾಲಿಗೆ, ಅಂದರೆ 1.2 ವೋಲ್ಟಿಗೆ ಇಳಿಯಬೇಕು. ಆಗಿನ ಕರೆಂಟ್ ಬರೀ 3 ಮಿಲಿ ಆಂಪಿಯರ್. 8 ಮಿಲಿ ಆಂಪಿಯರ್ ಹರಿಯುತ್ತಿದ್ದರೆ ರಿಲೇ ಹಿಡಿದದ್ದನ್ನು ಹಿಡಿದೇ ಇರಬಹುದು. ಎಲ್‌ಇಡಿ ‘ಟ್ಯಾಂಕ್ ಫುಲ್’ ಎಂದು ಕೆಂಪಗೆ ಉರಿಯುತ್ತಿದೆ, ಪಕ್ಕದಲ್ಲೇ ರಿಲೇ ಮೋಟರನ್ನು ಓಡಿಸುತ್ತಲೇ ಇದೆ, ನೀರು ಟ್ಯಾಂಕಿನ ಕಂಠ ದಾಟಿ ಹೊಲಕ್ಕೆ ಸುರಿಯುತ್ತಿದೆ. ಎಲ್‌ಇಡಿಯ ಒಂದು ಕಾಲು ಕಿತ್ತರೆ ಎಲ್ಲ ಸರಿಹೋಗುತ್ತದೆ, ಸಿಂಕ್ ಮಿತಿ ಗೊತ್ತಿಲ್ಲದವರಿಗೆ ಇದು ಮಾಟದಂತೆ ಕಾಣುತ್ತದೆ. ಸಂಜೆ ಥಂಡಿಯಲ್ಲಿ ಸರಿ ನಡೆದು ಮಧ್ಯಾಹ್ನದ ಬಿಸಿಲಲ್ಲಿ ಕೈಕೊಡುವುದೂ ಉಂಟು, ಏಕೆಂದರೆ ಬಿಸಿ ಏರಿದಂತೆ ಟ್ರಾನ್ಸಿಸ್ಟರ್ ಇನ್ನೂ ಕಡಿಮೆ ವೋಲ್ಟೇಜಿಗೇ ಎಚ್ಚರಗೊಳ್ಳುತ್ತದೆ.

ಇದೇ ಬೋರ್ಡು ಬೋರಿನ ನೀರು ಇಳಿದಾಗ ಮೋಟರ್ ನಿಲ್ಲಿಸುವ ಕೆಲಸದಲ್ಲಿದ್ದರೆ ನಷ್ಟ ನೀರಿಗೇ ನಿಲ್ಲುವುದಿಲ್ಲ. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರುವುದೇ ಸುತ್ತಲಿನ ನೀರಿನಿಂದ. ನೀರಿಲ್ಲದೆ ಓಡಿದರೆ ವೈಂಡಿಂಗ್ ಸುಡುತ್ತದೆ. ಪೈಪು ಎತ್ತಬೇಕು, ಮೋಟರ್ ಮೇಲೆ ತರಬೇಕು, ರಿವೈಂಡಿಂಗ್‌ಗೆ ಕೊಟ್ಟು ದಿನಗಟ್ಟಲೆ ಕಾಯಬೇಕು. ಮೆಣಸಿನಕಾಯಿ ಬೆಳೆ ನಿಂತ ಹೊಲದಲ್ಲಿ ಆ ದಿನಗಳ ಬೆಲೆ ಏನೆಂದು ಕುಂದಗೋಳ, ಅಣ್ಣಿಗೇರಿಯವರಿಗೆ ಹೇಳಬೇಕಾಗಿಲ್ಲ. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ ಇರಬಹುದು, ಸುಟ್ಟ ವೈಂಡಿಂಗ್ ಉಚಿತವಲ್ಲ.

ಪರಿಹಾರಕ್ಕೆ ಬೇಕಾದದ್ದು ಒಂದು ರೆಸಿಸ್ಟರ್. ಬಿಸಿ547ನ ಬೇಸ್‌ನಿಂದ ಎಮಿಟರ್‌ಗೆ ಇನ್ನೊಂದು 4.7 ಕಿಲೊ ಓಮ್ ಹಾಕಿದರೆ ಔಟ್‌ಪುಟ್‌ನ ಅರ್ಧ ವೋಲ್ಟೇಜ್ ಮಾತ್ರ ಬೇಸ್‌ಗೆ ಮುಟ್ಟುತ್ತದೆ. 0.8 ಇದ್ದದ್ದು 0.4 ಆಗುತ್ತದೆ, ಟ್ರಾನ್ಸಿಸ್ಟರ್ ಮಲಗಿಯೇ ಇರುತ್ತದೆ. ಮೇಲೆ ಹೋದಾಗ 10.5 ವೋಲ್ಟಿನ ಮುಂದೆ ಈ ರೆಸಿಸ್ಟರ್ ಕಸಿಯುವುದು ಲೆಕ್ಕಕ್ಕೇ ಇಲ್ಲ. ಇನ್ನೂ ಒಳ್ಳೆಯದು, ಎಲ್‌ಇಡಿಯನ್ನು ಐಸಿಯ ಇನ್ನೊಂದು ಖಾಲಿ ಆಪ್-ಆಂಪ್‌ಗೆ ಕೊಟ್ಟು, ಅದೂ ಸೋರ್ಸ್ ಆಗುವಂತೆ, ಅಂದರೆ ಔಟ್‌ಪುಟ್‌ನಿಂದ ಗ್ರೌಂಡಿಗೆ ಕಟ್ಟುವುದು. ಎಂಟು ಕಾಲಿನ ಐಸಿಯಲ್ಲಿ ಎರಡು ಆಪ್-ಆಂಪ್ ಇದ್ದು, ಎಷ್ಟೋ ಬೋರ್ಡುಗಳಲ್ಲಿ ಒಂದು ಸುಮ್ಮನೆ ಕೂತಿರುತ್ತದೆ.

741 ಬಳಸಿದವರ ಕಷ್ಟ ಇನ್ನೊಂದು ಬಗೆಯದು. ಲ್ಯಾಬಿನಲ್ಲಿ ಅದಕ್ಕೆ ಪ್ಲಸ್ 15, ಮೈನಸ್ 15 ವೋಲ್ಟ್ ಕೊಟ್ಟು ಕಲಿತ ಹುಡುಗ, ಮನೆಗೆ ಬಂದು 12 ವೋಲ್ಟಿನ ಒಂದೇ ಅಡಾಪ್ಟರ್ ಮೇಲೆ ಅದನ್ನೇ ಕೂಡಿಸುತ್ತಾನೆ. 741ನ ಔಟ್‌ಪುಟ್ ಕೆಳಗಿನ ಸಪ್ಲೈವರೆಗೆ ಇಳಿಯುವುದೇ ಇಲ್ಲ. ಒಂದೋ ಎರಡೋ ವೋಲ್ಟ್ ಮೇಲೆಯೇ ನಿಲ್ಲುತ್ತದೆ. ಬಿಸಿ547ಕ್ಕೆ ಅದು ‘ಬಂದ್ ಮಾಡು’ ಎಂದಂತೆ ಎಂದೂ ಕೇಳಿಸದು. ಒಂದೇ ಸಪ್ಲೈಯ ಹೊಲದ ಕೆಲಸಕ್ಕೆ 741 ತಕ್ಕುದಲ್ಲ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಶಾಖದ ಮಾತೂ ಒಂದಿದೆ. ಸೆಳೆದ ಕರೆಂಟ್ ಐಸಿಯೊಳಗೆ ಬಿಸಿಯಾಗಿ ತೀರುತ್ತದೆ. 24 ವೋಲ್ಟಿನ ಪ್ಯಾನೆಲ್‌ನಲ್ಲಿ ತಪ್ಪಿ ಔಟ್‌ಪುಟ್ ಪ್ಲಸ್ಸಿಗೆ ತಾಗಿದರೆ 20 ಮಿಲಿ ಆಂಪಿಯರ್‌ಗೇ ಸುಮಾರು ಅರ್ಧ ವಾಟ್. ಎಂಟು ಕಾಲಿನ ಪ್ಲಾಸ್ಟಿಕ್ ಐಸಿ ಅಷ್ಟಕ್ಕೆ 50 ಡಿಗ್ರಿಗೂ ಮಿಕ್ಕಿ ಬಿಸಿ ಏರುತ್ತದೆ. ಎಲ್‌ಎಂ358 ಗ್ರೌಂಡಿಗೆ ಶಾರ್ಟ್ ಆದರೆ ಕರೆಂಟನ್ನು ತಡೆಯುವ ಏರ್ಪಾಡು ಇದೆ ಎಂದೆನಷ್ಟೆ; ಪ್ಲಸ್ಸಿಗೆ ಶಾರ್ಟ್ ಆದರೆ, ಅದೂ ಸಪ್ಲೈ 15 ವೋಲ್ಟ್ ಮೀರಿದ್ದರೆ, ಐಸಿ ಕಾದು ನಾಶವಾಗಬಹುದು ಎಂದು ಡೇಟಾಶೀಟ್ ಸ್ಪಷ್ಟವಾಗಿ ಎಚ್ಚರಿಸುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ತಗಡಿನ ಡಬ್ಬಿಯೊಳಗಿನ ಗಾಳಿಯೇ ಕೈ ಸುಡುವಂತಿರುತ್ತದೆ. ಎಲ್‌ಎಂ358ನ್ನು ಮಾಡಿರುವುದು 0ಯಿಂದ 70 ಡಿಗ್ರಿವರೆಗಿನ ವಾತಾವರಣಕ್ಕೆ. ಡಬ್ಬಿಯನ್ನು ಬೇವಿನ ನೆರಳಿಗೆ ಹಾಕಿಸುವುದು ಪುಕ್ಕಟೆಯ ಪರಿಹಾರ.

ಕುಂದಗೋಳದ ಹೆಸರು ಬಂದಲ್ಲಿ ಪಂಪಿನ ಮಾತಷ್ಟೇ ಆಡಿ ಹೋಗಲು ಮನಸ್ಸಾಗದು. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು ಅದು. ಭೀಮಸೇನ ಜೋಶಿಯವರು ಕಲಿತದ್ದು ಅಲ್ಲಿ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡದ್ದು ಅಲ್ಲಿ. ನಾಡಗೇರರ ವಾಡೆಯಲ್ಲಿ ಗುರುವಿನ ನೆನಪಿನ ಸಂಗೀತ ಇಂದಿಗೂ ನಡೆಯುತ್ತದೆ. ಈ ಸೀಮೆಯ ಕಿವಿ ಸೂಕ್ಷ್ಮ, ಮತ್ತು ಸಿಂಕ್ ಮಿತಿ ಕಿವಿಗೂ ಕೇಳಿಸುವಂಥದ್ದು. ಎಲ್‌ಎಂ358 ಅಥವಾ 324 ಹಾಕಿದ ಅಗ್ಗದ ಪ್ರಿಆಂಪ್‌ನಲ್ಲಿ ತಂಬೂರಿಯ ಮೆಲುದನಿ ಹಾದುಬಂದಾಗ ನಾದದ ಅಂಚು ಒರಟಾಗುತ್ತದೆ. ಅಲೆ ಮೇಲೆ ಹೋಗುವಾಗ ಎನ್‌ಪಿಎನ್ ಜೋಡಿ ಕರೆಂಟ್ ಕೊಡುತ್ತದೆ, ಕೆಳಗೆ ಬರುವಾಗ ಸೆಳೆಯಬೇಕು. 50 ಮೈಕ್ರೊ ಆಂಪಿಯರ್‌ವರೆಗೆ ಆ ಪುಟ್ಟ ಸೆಳೆತವೇ ಸಾಕು. ಅದು ಮೀರಿದ ಗಳಿಗೆಯಲ್ಲಿ ಒಂದು ಟ್ರಾನ್ಸಿಸ್ಟರ್ ಮಲಗಿ ಇನ್ನೊಂದು ಏಳಬೇಕು. 10 ಕಿಲೊ ಓಮ್ ಹೊರೆಗೆ ಅರ್ಧ ವೋಲ್ಟಿನ ಅಲೆ ಸಾಕು, ಮಿತಿ ಮೀರಿತು. ಆ ಕೈಬದಲಾವಣೆಯ ನಡುವೆ ಅಲೆ ಒಂದು ಕ್ಷಣ ತಡವರಿಸುತ್ತದೆ. ದೊಡ್ಡ ದನಿಯಲ್ಲಿ ಅದು ಮುಚ್ಚಿಹೋದೀತು. ಷಡ್ಜ ಹಿಡಿದು ನಿಂತ ತಂಬೂರಿಯಲ್ಲಿ ಅದು ಮುಚ್ಚಿಹೋಗದು.

ಇದಕ್ಕೆ ತಯಾರಕರೇ ಹೇಳಿದ ಉಪಾಯವಿದೆ. ಔಟ್‌ಪುಟ್‌ನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್. 12 ವೋಲ್ಟಿನ ಸರ್ಕೀಟಿನಲ್ಲಿ ಔಟ್‌ಪುಟ್ 6 ವೋಲ್ಟಿನಲ್ಲಿ ನಿಂತಿದ್ದರೆ 6.8 ಕಿಲೊ ಓಮ್ ಸುಮಾರು 0.9 ಮಿಲಿ ಆಂಪಿಯರನ್ನು ಸದಾ ಕೆಳಗೆಳೆಯುತ್ತಿರುತ್ತದೆ. ಸೆಳೆಯುವ ಕೆಲಸವನ್ನು ಈ ರೆಸಿಸ್ಟರ್ ವಹಿಸಿಕೊಂಡಿತು. ಪಿಎನ್‌ಪಿಯನ್ನು ಎಬ್ಬಿಸುವ ಪ್ರಮೇಯವೇ ಬಾರದು. ಊರಿನ ಭಜನಾ ಮಂಡಳಿಯ ಹಳೆಯ ಮಿಕ್ಸರ್ ತೆರೆದವರು ಈ ಒಂದು ರೆಸಿಸ್ಟರ್ ಹಾಕಿ ಕೇಳಿ ನೋಡಬೇಕು. ಹೊಸದಾಗಿಯೇ ಕಟ್ಟುವುದಾದರೆ ಎನ್‌ಇ5532ರಂಥ, 600 ಓಮ್ ಹೊರೆಯನ್ನೂ ಎರಡೂ ದಿಕ್ಕಿಗೆ ಸಮವಾಗಿ ನಡೆಸುವ ಐಸಿ ತರುವುದು ಲೇಸು.

ಹೊಸ ಕಾಲದ ಐಸಿಗಳಲ್ಲಿ ಈ ಕೊರತೆ ಇಲ್ಲವೆ ಎಂದು ಕೇಳುವವರಿಗೆ ಒಂದು ಉದಾಹರಣೆ. ಎಲ್‌ಎಂವಿ358 ಎಂಬುದು 5 ವೋಲ್ಟಿನ ಸೋದರ. ಅದರಲ್ಲಿ ಲೆಕ್ಕ ತಿರುಗುಮುರುಗು: 5 ವೋಲ್ಟಿನಲ್ಲಿ ಸೋರ್ಸ್ ಸಾಮಾನ್ಯವಾಗಿ 60 ಮಿಲಿ ಆಂಪಿಯರ್, ಸಿಂಕ್ 160. ಓದಿದವರಿಗೆ ಹಬ್ಬ. ಆದರೆ ಪಕ್ಕದ ‘ಕನಿಷ್ಠ’ ಅಂಕಣದಲ್ಲಿ ಸೋರ್ಸ್ 5, ಸಿಂಕ್ 10 ಎಂದಿದೆ. ತಯಾರಕರು ಜವಾಬ್ದಾರಿ ಹೊರುವುದು ಆ 10ಕ್ಕೆ ಮಾತ್ರ. ಅಲ್ಲದೆ ಅದು 12 ವೋಲ್ಟಿನ ಬೋರ್ಡಿಗೆ ಬಾರದು, 358 ಎಂಬ ಅಂಕಿ ನೋಡಿ ಹಳೆಯದರ ಜಾಗಕ್ಕೆ ಕೂಡಿಸಿದರೆ ಹೋಗಿಬಿಡುತ್ತದೆ. ಮಣ್ಣಿನ ತೇವ ಅಳೆಯುವ ಅಗ್ಗದ ಬೋರ್ಡುಗಳಲ್ಲಿರುವ ಎಲ್‌ಎಂ393 ಬೇರೆ ಜಾತಿ, ಅದು ಕಂಪ್ಯಾರೇಟರ್. ಕೊಡುವುದೇ ಇಲ್ಲ, ಸೆಳೆಯುವುದಷ್ಟೇ ಬಲ್ಲದು. ಖಾತರಿಯ ಸೆಳೆತ 6 ಮಿಲಿ ಆಂಪಿಯರ್. ಆದರೆ 4 ಮಿಲಿ ಆಂಪಿಯರ್ ಸೆಳೆಯುವಾಗಲೂ ಔಟ್‌ಪುಟ್ 0.4 ವೋಲ್ಟ್ ಮೀರದು. ಟ್ಯಾಂಕ್ ತುಂಬಿತೇ ಇಲ್ಲವೇ ಎಂಬ ಹೌದು-ಅಲ್ಲದ ಪ್ರಶ್ನೆಗೆ ಆಪ್-ಆಂಪ್‌ಗಿಂತ ಇದೇ ಸರಿಯಾದ ಐಸಿ. ರಿಲೇ ಮಾತ್ರ ಇದಕ್ಕೂ ನೇರ ಕಟ್ಟಬಾರದು.

ಈ ಜಿಲ್ಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವರಿಗೆ ಬರವಿಲ್ಲ. ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜು 1947ರಿಂದ ಇದೆ. ಐಐಟಿ ಧಾರವಾಡ 2016ರಲ್ಲಿ ಪಾಠ ಆರಂಭಿಸಿದ್ದು ವಾಲ್ಮಿಯ ಆವರಣದಲ್ಲಿ. ಹೊಲಕ್ಕೆ ನೀರು ಹಾಯಿಸುವುದನ್ನೂ ಬಸಿಯುವುದನ್ನೂ ಕಲಿಸುವ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ಅದು. ಹೊಲದ ಬೋರ್ಡು ಕಟ್ಟುವವರಲ್ಲಿ ಹೆಚ್ಚಿನವರು ಮಾತ್ರ ಅಲ್ಲಿ ಓದಿದವರಲ್ಲ. ಐಟಿಐ ಮುಗಿಸಿದವರು, ರೇಡಿಯೊ ರಿಪೇರಿಯಿಂದ ಬಂದವರು, ಮೊಬೈಲಿನಲ್ಲಿ ಸರ್ಕೀಟ್ ಚಿತ್ರ ನೋಡಿ ಸೋಲ್ಡರ್ ಹಿಡಿದವರು. ಅವರ ಕೈಚಳಕಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಡೇಟಾಶೀಟ್ ಓದುವ ರೂಢಿಯಲ್ಲಿ, ಅದೂ ಇಂಗ್ಲಿಷಿನ ಸಣ್ಣಕ್ಷರದ ಕೋಷ್ಟಕದಲ್ಲಿ ಯಾವ ಸಾಲು ನೋಡಬೇಕೆಂಬ ತಿಳಿವಳಿಕೆಯಲ್ಲಿ. ಹತ್ತಿಪ್ಪತ್ತು ಸಾಮಾನ್ಯ ಐಸಿಗಳ ಮುಖ್ಯ ಮಿತಿಗಳನ್ನು ಕನ್ನಡದಲ್ಲಿ ಒಂದೊಂದು ಪುಟಕ್ಕೆ ಇಳಿಸಿ ತಾಲ್ಲೂಕಿನ ಐಟಿಐಗಳಿಗೆ ಹಂಚುವುದು ದೊಡ್ಡ ಖರ್ಚಿನ ಕೆಲಸವಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದವರು ಇದನ್ನು ಪ್ರಾಜೆಕ್ಟ್ ಎಂದು ಕೈಗೆತ್ತಿಕೊಳ್ಳಲಿ.

ಅಲ್ಲಿಯವರೆಗೆ ಬೋರ್ಡು ಕಟ್ಟುವ ಗೆಳೆಯರು ಇಷ್ಟು ಮಾಡಬೇಕು: ಐಸಿಯ ಡೇಟಾಶೀಟ್‌ನಲ್ಲಿ ಔಟ್‌ಪುಟ್ ಸಿಂಕ್ ಕರೆಂಟ್ ಎಂಬ ಸಾಲನ್ನು ಹುಡುಕಿ, ಅದು ಎಷ್ಟು ವೋಲ್ಟಿನಲ್ಲಿ ಎಂಬುದನ್ನು ನೋಡಿ, ‘ಸಾಮಾನ್ಯ’ ಅಂಕಣ ಬಿಟ್ಟು ‘ಕನಿಷ್ಠ’ ಅಂಕಣದ ಅಂಕಿ ಬರೆದುಕೊಳ್ಳಿ. ನಿಮ್ಮ ರಿಲೇ, ಎಲ್‌ಇಡಿ, ರೆಸಿಸ್ಟರುಗಳೆಲ್ಲ ಸೇರಿ ಅದರ ಅರ್ಧಕ್ಕಿಂತ ಹೆಚ್ಚು ಕೇಳುತ್ತಿದ್ದರೆ ನಡುವೆ ಒಂದು ಟ್ರಾನ್ಸಿಸ್ಟರ್ ಹಾಕಿ, ಅದರ ಬೇಸ್-ಎಮಿಟರ್ ನಡುವೆ ಒಂದು ರೆಸಿಸ್ಟರ್ ಮರೆಯಬೇಡಿ.